ಮಾಲೆ ತೆಗೆದ ಮರುದಿನ: ಕುಡಿತ ಬಿಟ್ಟಾಗ ದೇಹದೊಳಗೆ ಏನಾಗುತ್ತದೆ?

ನವೆಂಬರ್ ನಡುವಿನಲ್ಲಿ ವೃಶ್ಚಿಕ ಮಾಸ ಶುರುವಾದರೆ ಸಾಕು, ನಮ್ಮ ಕಾಸರಗೋಡಿನ ಪೇಟೆಗಳ ಬಣ್ಣವೇ ಬದಲಾಗುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ನೋಡಿದರೂ ಕಪ್ಪು ಪಂಚೆ, ಕೊರಳಲ್ಲಿ ಮಣಿ ಮಾಲೆ. ನಿನ್ನೆ ಸಂಜೆ ತನಕ ಬೆವ್ಕೋ ಎಂಬ ಸರಕಾರಿ ಮದ್ಯದಂಗಡಿಯ ಸಾಲಿನಲ್ಲಿ ನಿಂತಿದ್ದವರು ಇವತ್ತು ಬೆಳಿಗ್ಗೆ ಐದಕ್ಕೆ ಎದ್ದು, ತಣ್ಣೀರಲ್ಲಿ ಮಿಂದು, ಭಜನಾ ಮಂದಿರಕ್ಕೆ ಹೊರಟಿರುತ್ತಾರೆ. 41 ದಿನ ಒಂದು ಹನಿ ಮುಟ್ಟುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದು ನೆಮ್ಮದಿ.

ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆಯುತ್ತಾರೆ. ಒಂದು ವಾರ ಕಳೆಯುವುದರೊಳಗೆ ಎಷ್ಟೋ ಮನೆಗಳಲ್ಲಿ ಹಳೆಯ ಕಥೆ ಮತ್ತೆ ಶುರು. ಆಗ ಹೆಂಡತಿ ಕೇಳುವ ಪ್ರಶ್ನೆ ಒಂದೇ: "41 ದಿನ ಬಿಡ್ಲಿಕ್ಕೆ ಆಗ್ತದೆ, 42ನೇ ದಿನ ಯಾಕೆ ಆಗುದಿಲ್ಲ?"

ಈ ಪ್ರಶ್ನೆಗೆ "ಮನಸ್ಸಿಲ್ಲ, ಅದಕ್ಕೆ" ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಸರಿಯಾದ ಉತ್ತರ ಅಲ್ಲ. ಇದರ ಹಿಂದೆ ಇನ್ನೊಂದು ವಿಷಯವೂ ಇದೆ. ಮಾಲೆ ಹಾಕಿದ ಎರಡನೇ, ಮೂರನೇ ದಿನವೇ ಕೆಲವರು ಆಸ್ಪತ್ರೆ ಸೇರುತ್ತಾರೆ. ಕುಡಿದು ಅಲ್ಲ, ಕುಡಿತ ಬಿಟ್ಟು. ಇದು ಹೇಗೆ ಎಂದು ಗೊತ್ತಿದ್ದರೆ ಒಂದು ಜೀವ ಉಳಿಯಬಹುದು. ಹಾಗಾಗಿ ಬುಡದಿಂದಲೇ ನೋಡೋಣ.

ಒಂದು ಕ್ವಾರ್ಟರ್ ಅಂದರೆ ಎಷ್ಟು?

ವಿಸ್ಕಿ, ಬ್ರಾಂಡಿ, ಬಿಯರ್, ಕಳ್ಳು, ಗಂಗಸರ. ಹೆಸರು ಬೇರೆ ಬೇರೆ, ಅಮಲು ಏರಿಸುವ ವಸ್ತು ಒಂದೇ. ಅದರ ಹೆಸರು ಎಥೆನಾಲ್, ನಾವು ಆಲ್ಕೋಹಾಲ್ ಅನ್ನುತ್ತೇವೆ. ಇದನ್ನು ಅಳೆಯಲು ಡಾಕ್ಟರುಗಳು 'ಯೂನಿಟ್' ಎಂಬ ಲೆಕ್ಕ ಬಳಸುತ್ತಾರೆ. ಒಂದು ಯೂನಿಟ್ ಅಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. 30 ಮಿಲಿ ವಿಸ್ಕಿಯಲ್ಲಿ ಒಂದು ಯೂನಿಟ್ ಇರುತ್ತದೆ. ಹಾಗಾದರೆ 180 ಮಿಲಿಯ ಕ್ವಾರ್ಟರ್‌ನಲ್ಲಿ ಆರು. ದೊಡ್ಡ ಬಾಟಲಿಯ ಮಾಮೂಲಿ ಬಿಯರ್‌ನಲ್ಲಿ ಎರಡೂವರೆ, ಸ್ಟ್ರಾಂಗ್ ಬಿಯರ್ ಆದರೆ ನಾಲ್ಕರ ಹತ್ತಿರ.

"ಕಳ್ಳು ಅಲ್ವಾ, ಅದು ತಂಪು, ಅದರಿಂದ ಏನೂ ಆಗುದಿಲ್ಲ" ಎಂದು ನಮ್ಮಲ್ಲಿ ಹೇಳುವವರಿದ್ದಾರೆ. ಮರದಿಂದ ಇಳಿಸಿದ ಕೂಡಲೇ ಅದು ಸಿಹಿ. ಹೊತ್ತು ಏರಿದ ಹಾಗೆ ಹುಳಿಯುತ್ತದೆ, ಅದರ ಸಕ್ಕರೆ ಆಲ್ಕೋಹಾಲ್ ಆಗುತ್ತಾ ಹೋಗುತ್ತದೆ. ಹುಳಿ ಬಂದ ಕಳ್ಳು ಬಿಯರ್‌ಗಿಂತ ಕಡಿಮೆಯೇನೂ ಅಲ್ಲ.

ಹೊಟ್ಟೆಗೆ ಹೋದ ಆಲ್ಕೋಹಾಲನ್ನು ಕರಗಿಸುವುದು ಮುಖ್ಯವಾಗಿ ಲಿವರ್. ಅದರ ವೇಗ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್. ಮಜ್ಜಿಗೆ ಕುಡಿದರೂ, ತಲೆಗೆ ನೀರು ಹೊಯ್ದರೂ ಆ ವೇಗ ಜಾಸ್ತಿಯಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕ್ವಾರ್ಟರ್ ಮುಗಿಸಿದವರ ಲಿವರ್ ಬೆಳಗಿನ ಜಾವ ಮೂರು, ನಾಲ್ಕರ ತನಕ ದುಡಿಯುತ್ತಲೇ ಇರುತ್ತದೆ. ಕುಡಿದವರಿಗೆ ಸರಿಯಾಗಿ ಆ ಹೊತ್ತಿಗೇ ಎಚ್ಚರವಾಗಿ, ಎದೆ ಡವಗುಟ್ಟಿ, ಮತ್ತೆ ನಿದ್ದೆ ಬಾರದೆ ಹೊರಳಾಡುವಂತೆ ಆಗುವುದು ಯಾಕೆ ಎನ್ನುವುದು ಮುಂದಿನ ವಿಷಯ ತಿಳಿದರೆ ಗೊತ್ತಾಗುತ್ತದೆ.

ಬ್ರೇಕು, ಆಕ್ಸಿಲರೇಟರು ಮತ್ತು ಗುಡ್ಡದ ಜೀಪು

ನಮ್ಮ ಮೆದುಳಿನಲ್ಲಿ ಸದಾ ಎರಡು ಕೆಲಸ ನಡೆಯುತ್ತಿರುತ್ತವೆ. ಒಂದು ಶಾಂತ ಮಾಡುವುದು, ಅದಕ್ಕೆ ಗಾಬಾ ಎಂಬ ರಾಸಾಯನಿಕ. ಇನ್ನೊಂದು ಚುರುಕು ಮಾಡುವುದು, ಅದಕ್ಕೆ ಗ್ಲುಟಮೇಟ್. ಒಂದು ಬ್ರೇಕ್, ಇನ್ನೊಂದು ಆಕ್ಸಿಲರೇಟರ್ ಎಂದುಕೊಳ್ಳಿ. ಆಲ್ಕೋಹಾಲ್ ಬ್ರೇಕನ್ನು ಒತ್ತುತ್ತದೆ. ಎರಡು ಪೆಗ್ ಒಳಗೆ ಹೋದಾಗ ಚಿಂತೆ ಕಡಿಮೆಯಾದಂತೆ, ಮೈ ಹಗುರವಾದಂತೆ ಅನ್ನಿಸುವುದು ಇದರಿಂದಲೇ.

ಈಗ ಮುರಕಲ್ಲಿನ ಗುಡ್ಡದ ದಾರಿಯಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಏರುವ ಜೀಪನ್ನು ನೆನೆಸಿಕೊಳ್ಳಿ. ಗಾಡಿ ಮುಂದೆ ಹೋಗಬೇಕಾದರೆ ಡ್ರೈವರ್ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯಬೇಕು. ದಿನಾ ಕುಡಿಯುವವರ ಮೆದುಳು ಮಾಡುವುದು ಇದನ್ನೇ. ಬ್ರೇಕ್ ಯಾವಾಗಲೂ ಒತ್ತಿರುತ್ತದೆ ಎಂದು ಅದಕ್ಕೆ ಅಭ್ಯಾಸವಾಗಿ, ಚುರುಕು ಮಾಡುವ ಭಾಗವನ್ನು ಏರಿಸಿಕೊಂಡು ಕೂತಿರುತ್ತದೆ. ಮೊದಲು ಎರಡು ಪೆಗ್‌ಗೆ ಸಿಗುತ್ತಿದ್ದ ಅಮಲಿಗೆ ಈಗ ಐದು ಬೇಕಾಗುವುದು ಹೀಗೆ. ಇದಕ್ಕೆ ತಾಳಿಕೆ ಎನ್ನಬಹುದು. "ಅವರಿಗೆ ಎಷ್ಟು ಕುಡಿದರೂ ಏರುದಿಲ್ಲ ಮಾರಾಯ್ರೆ" ಎಂದು ಹೊಗಳುತ್ತಾರಲ್ಲ, ಅದು ಗಟ್ಟಿತನದ ಗುರುತಲ್ಲ. ಮೆದುಳು ಬದಲಾಗಿದೆ ಎನ್ನುವುದರ ಗುರುತು.

ಒಂದು ದಿನ ಹ್ಯಾಂಡ್‌ಬ್ರೇಕನ್ನು ಥಟ್ಟನೆ ತೆಗೆದರೆ? ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇದೆ. ಜೀಪು ಹಾರಿ ಹೋಗುತ್ತದೆ. ಕುಡಿತ ಒಮ್ಮೆಲೇ ನಿಂತಾಗ ಆಗುವ ನಡುಕ, ಬೆವರು, ಗಾಬರಿ, ನಿದ್ದೆ ಬಾರದಿರುವುದು, ಎಲ್ಲವೂ ಆ ಹಾರಾಟವೇ. ಬೆಳಗಿನ ಮೂರು ಗಂಟೆಯ ಎಚ್ಚರ ಇದರ ಸಣ್ಣ ಮಾದರಿ.

ಮೊದಲ ಮೂರು ದಿನ

ಹೋದ ವರ್ಷ ನಮ್ಮ ಮನೆಯ ಹತ್ತಿರದ ಒಬ್ಬರು ಮಾಲೆ ಹಾಕಿದರು. ಅಡಿಕೆ ಕೊಯ್ಯುವ ಕೆಲಸ ಅವರದ್ದು, ನಾವು ಅಣ್ಣ ಎಂದೇ ಕರೆಯುವುದು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ದಿನಾ ಕುಡಿತ. ಮಾಲೆಯ ಹಿಂದಿನ ರಾತ್ರಿ ಕೊನೆಯ ಸಲ ಕುಡಿದು, ಬೆಳಿಗ್ಗೆ ಮಿಂದು ಮಂದಿರಕ್ಕೆ ಹೋದರು. ಸಂಜೆಗೆ ಬೆವರು ಶುರುವಾಯಿತು. ಮರುದಿನ ಅವರ ಜಗಲಿಯಲ್ಲಿ ನಾನೂ ಕೂತಿದ್ದೆ. ಅತ್ತಿಗೆ ಸ್ಟೀಲ್ ಲೋಟದಲ್ಲಿ ಕಣ್ಣ ಚಾಯ, ಅಂದರೆ ಹಾಲು ಹಾಕದ ಚಹಾ ತಂದುಕೊಟ್ಟರು. ಅಣ್ಣ ಅದನ್ನು ಎರಡು ಕೈಯಲ್ಲಿ ಹಿಡಿದರು. ಚಾಯದ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ತುಟಿಯ ಹತ್ತಿರ ತರುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ ಚೆಲ್ಲಿತು. ಅಡಿಕೆ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೈಗಳು ಅವು.

ಆ ರಾತ್ರಿ "ಚಾಪೆ ಮೇಲೆ ಇರುವೆ ಹತ್ತಿದೆ, ಗುಡಿಸು" ಎಂದು ಅತ್ತಿಗೆಯನ್ನು ಎಬ್ಬಿಸಿದರಂತೆ. ಒಂದು ಇರುವೆಯೂ ಇರಲಿಲ್ಲ. ಬೆಳಿಗ್ಗೆ ಅವರಿಗೆ ತಾನು ಎಲ್ಲಿದ್ದೇನೆ ಎಂದೇ ಗೊತ್ತಾಗುತ್ತಿರಲಿಲ್ಲ. ವ್ರತದಲ್ಲಿ ಏನೋ ತಪ್ಪಾಗಿದೆ, ಅದಕ್ಕೇ ಹೀಗೆ ಎಂದರು ಕೆಲವರು. ಊರಿನ ಆಶಾ ಕಾರ್ಯಕರ್ತೆ ಮಾತ್ರ ನೋಡಿದ ಕೂಡಲೇ "ಜೀಪು ತನ್ನಿ, ಆಸ್ಪತ್ರೆಗೆ ಹೋಗುವ" ಎಂದರು. ಆ ಮಾತೇ ಅವರನ್ನು ಉಳಿಸಿತು.

ವೈದ್ಯಕೀಯ ಪುಸ್ತಕಗಳಲ್ಲಿ ಇರುವ ಸಮಯವೂ ಹೆಚ್ಚುಕಡಿಮೆ ಹೀಗೇ ಇದೆ. ಕೊನೆಯ ಗುಟುಕಿನಿಂದ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಚಡಪಡಿಕೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂಥ ಸೆಳೆತ, ಅಂದರೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಬರುವುದು ಎಲ್ಲಕ್ಕಿಂತ ಅಪಾಯದ ಸ್ಥಿತಿ: ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ, ಓಡುವ ಎದೆಬಡಿತ. ಡಾಕ್ಟರುಗಳು ಇದನ್ನು ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಕುಡಿತ ಬಿಟ್ಟು ನಡುಕ ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿಗೆ ಇದು ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮದ್ಯದ ಅಂಗಡಿಗಳು ಮುಚ್ಚಿದಾಗ ಇಡೀ ಕೇರಳ ಇದನ್ನು ಕಂಡಿತು. ಮದ್ಯ ಸಿಗದೆ ಜೀವ ಕಳೆದುಕೊಂಡವರ ಸುದ್ದಿ ದಿನಾ ಬರುತ್ತಿತ್ತು. ಡಾಕ್ಟರ ಚೀಟಿ ಇದ್ದವರಿಗೆ ಮದ್ಯ ಕೊಡಬಹುದು ಎಂದು ಸರಕಾರ ಆದೇಶ ಹೊರಡಿಸಿತು. ಚಿಕಿತ್ಸೆ ಎಂದರೆ ಮದ್ಯ ಕೊಡುವುದಲ್ಲ ಎಂದು ಡಾಕ್ಟರುಗಳೇ ವಿರೋಧಿಸಿದರು. ಏಪ್ರಿಲ್ 2ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು.

ಯಾರು ಮೊದಲೇ ಡಾಕ್ಟರನ್ನು ಕಾಣಬೇಕು?

ಅಪರೂಪಕ್ಕೆ ಮದುವೆ, ಹಬ್ಬ ಎಂದು ಕುಡಿಯುವವರಿಗೆ ಈ ಅಪಾಯ ಇಲ್ಲ. ಅವರು ನಾಳೆಯಿಂದಲೇ ಬಿಡಬಹುದು. ದಿನಾ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಒಂದು ಗುಟುಕು ಬೇಕಾಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಇವರು ಮಾತ್ರ ಒಬ್ಬರೇ ನಿಲ್ಲಿಸಬಾರದು. ಮಾಲೆ ಹಾಕುವ ದಿನ ಗೊತ್ತಿದೆಯಲ್ಲ, ಹತ್ತು ದಿನ ಮೊದಲೇ ಡಾಕ್ಟರನ್ನು ಕಾಣಲಿ.

"ಹೋದ ವರ್ಷವೂ ಬಿಟ್ಟಿದ್ದೆ, ಏನೂ ಆಗ್ಲಿಲ್ಲ" ಎನ್ನುವ ಧೈರ್ಯ ಸಾಲದು. ಬಿಡುವುದು, ಹಿಡಿಯುವುದು, ಮತ್ತೆ ಬಿಡುವುದು ಹೀಗೇ ನಡೆದರೆ ಪ್ರತಿ ಸಲವೂ ಮೆದುಳಿನ ಹಾರಾಟ ಇನ್ನಷ್ಟು ಜೋರಾಗಬಹುದು. ವರ್ಷಕ್ಕೊಮ್ಮೆ ಮಾಲೆ ಹಾಕುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಮೆದುಳಿಗೆ ಬದಲಿ ಬ್ರೇಕ್ ಕೊಡುತ್ತಾರೆ. ಶಾಂತ ಮಾಡುವ ಮಾತ್ರೆಗಳನ್ನು ಮೊದಲು ಹೆಚ್ಚು ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಈ ಮಾತ್ರೆಗಳೇ ಚಟವಾಗಬಲ್ಲವು, ಹಾಗಾಗಿ ಮೆಡಿಕಲ್‌ನಿಂದ ಸುಮ್ನೆ ತಂದು ನುಂಗುವುದಲ್ಲ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಹಲವು ವರ್ಷ ಕುಡಿದವರ ದೇಹದಲ್ಲಿ ಇದು ಬರಿದಾಗಿರುತ್ತದೆ. ಇದಿಲ್ಲದೆ ಬರೀ ಗ್ಲುಕೋಸ್ ಡ್ರಿಪ್ ಹಾಕಿದರೆ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು. ಆದ್ದರಿಂದ ಆಸ್ಪತ್ರೆಗೆ ಹೋದ ಕೂಡಲೇ "ಇವರು ಇಷ್ಟು ವರ್ಷದಿಂದ ದಿನಾ ಕುಡಿಯುತ್ತಿದ್ದರು, ಇಂಥ ದಿನ ನಿಲ್ಲಿಸಿದ್ದಾರೆ" ಎಂದು ಮನೆಯವರು ಬಾಯಿ ಬಿಟ್ಟು ಹೇಳಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಡಾಕ್ಟರಿಗೆ ಬರೀ ಜ್ವರದಂತೆ ಕಂಡೀತು.

ಗೊತ್ತಾಗದ ಹಾಗೆ ಊಟಕ್ಕೆ ಹಾಕುವ ಪುಡಿ

"ಕುಡಿಯುವವರಿಗೆ ತಿಳಿಯದಂತೆ ಮದ್ಯ ಬಿಡಿಸಿ" ಎಂಬ ಜಾಹೀರಾತನ್ನು ನೀವೂ ನೋಡಿರಬಹುದು. ಇಂಥ ಪುಡಿಗಳಲ್ಲಿ ಏನಿದೆ ಎಂದು ಹೆಚ್ಚಿನ ಸಲ ಪೊಟ್ಟಣದ ಮೇಲೆ ಬರೆದೇ ಇರುವುದಿಲ್ಲ. ಡಾಕ್ಟರುಗಳು ಬರೆದುಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಒಂದಿದೆ, ಅದನ್ನೇ ಪುಡಿ ಮಾಡಿ ಸಾರಿಗೆ ಬೆರೆಸುವವರೂ ಇದ್ದಾರೆ.

ಅದು ಕೆಲಸ ಮಾಡುವುದು ಹೀಗೆ. ಲಿವರ್ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಅದನ್ನು ತೊಂದರೆ ಇಲ್ಲದ ವಸ್ತುವಾಗಿ ಮಾಡುತ್ತದೆ. ಡೈಸಲ್ಫಿರಾಮ್ ಈ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಆಗ ಒಂದು ಪೆಗ್ ಕುಡಿದರೂ ವಿಷ ಒಳಗೇ ತುಂಬಿ ಮುಖ ಕೆಂಪಾಗುತ್ತದೆ, ವಾಂತಿ, ಎದೆಬಡಿತ, ಬಿಪಿ ಕುಸಿತ. ವಿಷಯ ತಿಳಿದು, ಒಪ್ಪಿ, ಡಾಕ್ಟರ ನಿಗಾದಲ್ಲಿ ತೆಗೆದುಕೊಂಡವರಿಗೆ ಇದು ಒಂದು ಬೇಲಿ. ತಿಳಿಯದೆ ತಿಂದು ಎಂದಿನಂತೆ ಕ್ವಾರ್ಟರ್ ಏರಿಸಿದವರ ಜೀವಕ್ಕೇ ಕುತ್ತು. ಕುಡಿಯಬೇಕೆಂಬ ಸೆಳೆತವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬ ಮಾತ್ರೆಗಳೂ ಈಗ ಇವೆ. ಯಾರಿಗೆ ಯಾವುದು ಎನ್ನುವುದು ಲಿವರ್, ಕಿಡ್ನಿ ನೋಡಿ ಡಾಕ್ಟರ್ ನಿರ್ಧರಿಸುವ ವಿಷಯ.

ಬೇಸತ್ತ ಹೆಂಡತಿ, ಅಮ್ಮ ಈ ಪುಡಿಗೆ ಕೈ ಚಾಚುವುದು ಎಷ್ಟು ನೋವು ತಿಂದ ಮೇಲೆ ಎನ್ನುವುದು ನನಗೆ ಗೊತ್ತು. ದಯವಿಟ್ಟು ಬೇಡ.

ಎರಡನೇ ವಾರದ ಬೇಸರ

ನಡುಕ ನಿಂತು, ಊಟ ಸೇರತೊಡಗಿದ ಮೇಲೆ ಎಲ್ಲ ಸರಿಹೋಯಿತು ಎಂದು ಮನೆಯವರು ಭಾವಿಸುತ್ತಾರೆ. ಆದರೆ ಬಿಟ್ಟವರಿಗೆ ಆಗಲೇ ಒಂದು ವಿಚಿತ್ರ ಬೇಸರ ಹಿಡಿಯುತ್ತದೆ. ಮೀನು ಸಾರು ಸಪ್ಪೆ, ಮಕ್ಕಳ ಮಾತು ಸಪ್ಪೆ, ಸಂಜೆ ಉದ್ದ. "ಬಿಟ್ಟು ಏನು ಸುಖ?" ಎನ್ನುವ ಪ್ರಶ್ನೆ ಏಳುವುದು ಈ ಹೊತ್ತಿನಲ್ಲಿ.

ಇದಕ್ಕೂ ಕಾರಣ ಇದೆ. ಖುಷಿ ಕೊಡುವ ಸಂಗತಿ ನಡೆದಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಏರುತ್ತದೆ. ಮದ್ಯ ಅದನ್ನು ತುಂಬಾ ಜೋರಾಗಿ ಏರಿಸುತ್ತದೆ. ವರ್ಷಗಟ್ಟಲೆ ಮೈಕಿನ ಪಕ್ಕದಲ್ಲೇ ಕೂತವರಿಗೆ ಮೆಲ್ಲನೆ ಆಡಿದ ಮಾತು ಕೇಳಿಸುವುದಿಲ್ಲ ಅಲ್ವಾ? ಹಾಗೆಯೇ ಸಣ್ಣ ಸಣ್ಣ ಖುಷಿಗಳು ಮೆದುಳಿಗೆ ಕೇಳಿಸದಂತೆ ಆಗಿರುತ್ತವೆ. ಮೈಕ್ ನಿಂತ ಮೇಲೆ ಕಿವಿ ಸರಿಯಾಗಲು ಸಮಯ ಬೇಕು. ವಾರಗಳು, ಕೆಲವರಿಗೆ ತಿಂಗಳುಗಳು. ನಿದ್ದೆಯೂ ಹಾಗೇ, ಮೊದಲು ಒಡೆದು ಒಡೆದು ಬರುತ್ತದೆ, ನಿಧಾನವಾಗಿ ಕೂಡಿಕೊಳ್ಳುತ್ತದೆ.

ದೇಹದ ಉಳಿದ ಭಾಗ ಇಷ್ಟು ಕಾಯಿಸುವುದಿಲ್ಲ. ಕುಡಿತದಿಂದ ಲಿವರ್‌ನಲ್ಲಿ ತುಂಬಿದ ಕೊಬ್ಬು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ. ಬಿಪಿ ಇಳಿಯುತ್ತದೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಅದು ಮೊದಲಿನಂತೆ ಆಗುವುದು ಕಷ್ಟ, ಆದರೆ ಬಿಟ್ಟರೆ ಮುಂದಿನ ಹಾನಿ ತಗ್ಗುತ್ತದೆ, ಆಯುಸ್ಸು ಹೆಚ್ಚುತ್ತದೆ. ಸಿರೋಸಿಸ್ ಆಗದಿದ್ದರೆ, 41 ದಿನದ ವ್ರತ ಮುಗಿಸಿದವರ ಲಿವರ್ ಆಗಲೇ ಸಾಕಷ್ಟು ಚೇತರಿಸಿಕೊಂಡಿರುತ್ತದೆ. ಮೆದುಳು ಮಾತ್ರ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಸರಿಯಾಗಿ ಆಗಲೇ ಮಾಲೆ ತೆಗೆಯುವ ದಿನ ಬರುತ್ತದೆ.

42ನೇ ದಿನ ಏನು ಬದಲಾಗುತ್ತದೆ?

ವ್ರತದ ದಿನಗಳನ್ನು ಗಮನಿಸಿ ನೋಡಿ. ಏಳುವ ಹೊತ್ತು ಬೇರೆ, ಬಟ್ಟೆ ಬೇರೆ, ಊಟ ಬೇರೆ. ಎಲ್ಲಕ್ಕಿಂತ ಮುಖ್ಯ, ಸಂಜೆ ಬೇರೆ. ಆರೂವರೆಗೆ ಮಂದಿರದಲ್ಲಿ ಭಜನೆ, ತಾಳ, ಹತ್ತಾರು ಮಂದಿಯ ಜೊತೆ. ಊರೆಲ್ಲ "ಸ್ವಾಮಿ" ಎಂದು ಕರೆಯುತ್ತದೆ. ಹಳೆಯ ಗೆಳೆಯರೂ "ಒಂದು ಪೆಗ್ ಹಾಕು" ಎನ್ನುವುದಿಲ್ಲ. ಬೇಡ ಎಂದು ಹೇಳುವ ಕಷ್ಟವೇ ಇಲ್ಲ. ಕೊರಳಿನ ಮಾಲೆಯೇ ಹೇಳುತ್ತದೆ.

ಮಾಲೆ ತೆಗೆದ ಮರುದಿನ ಇದೆಲ್ಲ ಒಟ್ಟಿಗೇ ಹೋಗುತ್ತದೆ. ಅದೇ ಬಸ್‌ಸ್ಟ್ಯಾಂಡ್, ಅದೇ ಗೆಳೆಯರು, ಕೂಲಿ ಸಿಕ್ಕಿದ ಶನಿವಾರ, ಗಡಿ ದಾಟಿ ಬರುವ ಕರ್ನಾಟಕದ ಪ್ಯಾಕೆಟ್. ಮೆದುಳಿನಲ್ಲಿ ಆ ಜಾಗ, ಆ ಹೊತ್ತು, ಆ ಮುಖ ಮತ್ತು ಕುಡಿತ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೋಡಿದ ಕೂಡಲೇ ಸೆಳೆತ ಏಳುತ್ತದೆ. ಹಾಗಾಗಿ 41 ದಿನ ಬಿಡಿಸಿದ್ದು ಬರೀ ಮನಸ್ಸಿನ ಗಟ್ಟಿತನವೂ ಅಲ್ಲ, 42ನೇ ದಿನ ಕುಡಿಸಿದ್ದು ಬರೀ ಮನಸ್ಸಿನ ಸಡಿಲವೂ ಅಲ್ಲ. ಸುತ್ತ ಕಟ್ಟಿದ್ದ ಕಟ್ಟೆ ಒಡೆದುಹೋಯಿತು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. 41 ದಿನದಲ್ಲಿ ತಾಳಿಕೆ ಇಳಿದಿರುತ್ತದೆ. ಹಳೆಯ ಲೆಕ್ಕದಲ್ಲೇ ಕುಡಿದರೆ ಅಮಲು ಮೊದಲಿಗಿಂತ ತುಂಬಾ ಜೋರಾಗಿ ಏರುತ್ತದೆ. ಆ ರಾತ್ರಿ ಬೈಕ್ ಹತ್ತುವುದು ಎಂದಿಗಿಂತ ಹೆಚ್ಚು ಅಪಾಯ.

ಅಣ್ಣನಿಗೂ ಹೀಗೇ ಆಯಿತು. ಆಸ್ಪತ್ರೆಯಿಂದ ಬಂದು, ವ್ರತ ಮುಗಿಸಿ, ಮಲೆಗೆ ಹೋಗಿ ಬಂದರು. ಫೆಬ್ರವರಿಯ ಒಂದು ಮದುವೆಯಲ್ಲಿ ಒಂದು ಪೆಗ್. ಹತ್ತು ದಿನದಲ್ಲಿ ಮೊದಲಿನಂತೆ. ಆದರೆ ಮಾರ್ಚ್‌ನಲ್ಲಿ ಅವರೇ ಡಾಕ್ಟರ ಹತ್ತಿರ ಹೊರಟರು. ಮತ್ತೆ ಬಿದ್ದದ್ದು ಸೋಲು ಎಂದು ಅಲ್ಲಿ ಯಾರೂ ಹೇಳಲಿಲ್ಲವಂತೆ. ಎಲ್ಲಿ, ಯಾವಾಗ, ಯಾರ ಜೊತೆ ಎಂದು ಕೇಳಿ ಬರೆದುಕೊಂಡರಂತೆ. ಸಕ್ಕರೆ ಕಾಯಿಲೆ ಒಮ್ಮೆ ಏರಿದರೆ ಮದ್ದು ಬದಲಿಸುವ ಹಾಗೆ.

ಅವರು ಕಲಿತುಬಂದ ಒಂದು ವಿಷಯ ನನಗೆ ತುಂಬಾ ಉಪಯೋಗದ್ದು ಅನ್ನಿಸಿತು. ಸೆಳೆತ ಸಮುದ್ರದ ತೆರೆಯ ಹಾಗೆ. ಏಳುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ. ಆ ಅರ್ಧ ಗಂಟೆ ದಾಟಿಸಿದರೆ ಆಯಿತು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದಿದ್ದರೂ ತೆರೆ ದೊಡ್ಡದಾಗುತ್ತದೆ. ಹಾಗಾಗಿ ಅತ್ತಿಗೆ ಈಗ ಸಂಜೆ ಐದೂವರೆಗೇ ಗಂಜಿ, ಚಟ್ನಿ ಕೊಟ್ಟುಬಿಡುತ್ತಾರೆ. ದೈವಕ್ಕೆ ಅಗೇಲು, ಅಂದರೆ ಎಡೆ ಬಡಿಸಿದ ದಿನ ಕಳ್ಳಿನ ಪ್ರಸಾದ ಬಂದಾಗ ಅಣ್ಣ ಕೈಯಲ್ಲಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಟ್ಟರು. ಹಿರಿಯರೂ ಏನೂ ಅನ್ನಲಿಲ್ಲ, ಬೊಂಡ, ಅಂದರೆ ಎಳನೀರು ಕೆತ್ತಿ ಕೊಟ್ಟರು.

ಸಹಾಯ ಎಲ್ಲಿದೆ?

2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕುಡಿತಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಹೆಚ್ಚಿನವರಿಗೆ ಇದಕ್ಕೆ ಚಿಕಿತ್ಸೆ ಇದೆ ಎಂದೇ ಗೊತ್ತಿರುವುದಿಲ್ಲ.

ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಜಿಲ್ಲೆಗೊಂದು ಚಿಕಿತ್ಸಾ ಕೇಂದ್ರ ಇದೆ. ನಮ್ಮ ಜಿಲ್ಲೆಯದ್ದು ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ವಿಮುಕ್ತಿಯ ಸಹಾಯವಾಣಿ 14405. ಮಂಜೇಶ್ವರ, ಎಣ್ಮಕಜೆ ಕಡೆಯವರಿಗೆ ಮಂಗಳೂರೇ ಹತ್ತಿರ, ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಸಾಮಾನ್ಯವಾಗಿ ಎಂಟು ದಿನ ನಡೆಯುತ್ತದೆ, ಆಮೇಲೆ ನವಜೀವನ ಸಮಿತಿ ಎಂದು ಬಿಟ್ಟವರೇ ಸೇರುವ ಕೂಟ ಇರುತ್ತದೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟವೂ ಇದೇ ರೀತಿಯದ್ದು. ಇವತ್ತು ಒಂದು ದಿನ ಕುಡಿಯುವುದಿಲ್ಲ, ನಾಳೆಯದ್ದು ನಾಳೆ, ಇದೇ ಅದರ ಬುಡ.

ಗಡಿನಾಡಿನ ನಮಗೆ ಭಾಷೆಯೂ ಒಂದು ವಿಷಯ. ಮನಸ್ಸಿನ ಒಳಗಿನದ್ದನ್ನು ಅರೆಬರೆ ಮಲಯಾಳದಲ್ಲಿ ಹೇಳಲು ಹೋಗಿ ಅರ್ಧದಲ್ಲೇ ನಿಲ್ಲಿಸುವವರಿದ್ದಾರೆ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, 14416, ಹಗಲು ರಾತ್ರಿ ತೆರೆದಿರುತ್ತದೆ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮನೆಯವರೂ ಫೋನ್ ಮಾಡಬಹುದು.

ಮೇ ತಿಂಗಳ ಒಂದು ರಾತ್ರಿ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೊದಲು ನಮ್ಮೂರಿನಲ್ಲಿ ಆಟ ಇತ್ತು. ಅಣ್ಣ ಬಿಟ್ಟು ಎರಡು ತಿಂಗಳು ಆಗಿತ್ತಷ್ಟೆ. ಅವರು ಆಟ ತಪ್ಪಿಸಿದವರೇ ಅಲ್ಲ. ಆದರೆ ಹನ್ನೆರಡು ಗಂಟೆಗೆ ವೇಷ ಕಟ್ಟುವ ಚೌಕಿಯ ಹಿಂದೆ ಎಲ್ಲೋ ಮಲಗಿರುತ್ತಿದ್ದರು, ಬೆಳಿಗ್ಗೆ ಯಾರಾದರೂ ಎಬ್ಬಿಸಬೇಕಿತ್ತು. ಈ ಸಲ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದುರಿನ ಸಾಲಿನಲ್ಲಿ ಕೂತಿದ್ದರು. ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋದಳು. ಅವರು ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುವಾಗ ಭಾಗವತರು ಮಂಗಳ ಹಾಡಿದರು. ಚೆಂಡೆ ನಿಂತ ಮೇಲೂ ಅಣ್ಣ ಏಳಲಿಲ್ಲ. ನಾನು ಹತ್ತಿರ ಹೋದಾಗ ಮಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದರು: "ಇಷ್ಟು ವರ್ಷ ಆಟಕ್ಕೆ ಬಂದಿದ್ದೇನೆ. ಮಂಗಳ ಕೇಳಿದ್ದು ಇವತ್ತೇ."